ನೀಲಾಳ ಲೆಕ್ಕಕ್ಕೆ ನಾನು ಮಾಡಿದ ಉಪಕಾರ

ಪುಟ ತಿರುಗಿಸಬೇಡಿ, ಸ್ವಲ್ಪ ತಡೆಯಿರಿ. ಕೈಯಲ್ಲಿ ಕಾಫಿ ಇದ್ದರೆ ಅದು ಆರಿದರೂ ಚಿಂತೆಯಿಲ್ಲ. ಏಳು ವರ್ಷದ ಹುಡುಗಿಯೊಬ್ಬಳಿಗೆ ಎಂಟೂ ಏಳೂ ಸೇರಿದರೆ ಎಷ್ಟು ಎಂದು ಕಲಿಸಲು ಹೋಗಿ ನನ್ನ ಗತಿ ಏನಾಯಿತೆಂದು ಹೇಳಿ ಮುಗಿಸುವವರೆಗೆ ನೀವು ಎದ್ದು ಹೋಗುವ ಹಾಗಿಲ್ಲ.

ಮೊದಲು ನನ್ನ ಯೋಗ್ಯತೆ ಏನೆಂದು ಹೇಳಿಬಿಡುತ್ತೇನೆ. ಶಿವಮೊಗ್ಗದ ಬಜಾರಿನಲ್ಲಿ ನಮ್ಮ ದೊಡ್ಡಪ್ಪನ ದಿನಸಿ ಅಂಗಡಿ ಇದೆ. ಅಲ್ಲಿ ಅಳೆಯುವುದು, ತೂಗುವುದು, ಪೊಟ್ಟಣ ಕಟ್ಟುವುದು ನನ್ನ ಕೆಲಸ. ವಯಸ್ಸು ಇಪ್ಪತ್ತೊಂದು. ಸ್ಕೂಲು ಬಿಟ್ಟು ಬಹಳ ಕಾಲವಾಯಿತು. ಆದರೆ ವಿದ್ಯೆ ನನ್ನನ್ನು ಬಿಡಲಿಲ್ಲ. ಪೊಟ್ಟಣ ಕಟ್ಟಲು ನಮ್ಮ ಅಂಗಡಿಗೆ ಹಳೆಯ ಪತ್ರಿಕೆಗಳು ಮಣಗಟ್ಟಲೆ ಬರುತ್ತವೆ. ಅವೇ ನನ್ನ ಹೈಸ್ಕೂಲು, ಅವೇ ನನ್ನ ಕಾಲೇಜು. ಗಿರಾಕಿ ಇಲ್ಲದಾಗ ಓದುತ್ತೇನೆ. ಗಿರಾಕಿ ಬಂದರೆ ಓದುತ್ತಿದ್ದ ಹಾಳೆಯಲ್ಲೇ ಜೀರಿಗೆ ಕಟ್ಟಿ ಕೊಡುತ್ತೇನೆ. ಹೀಗಾಗಿ ಜಗತ್ತಿನ ಎಲ್ಲ ವಿಷಯಗಳೂ ನನಗೆ ಅರ್ಧರ್ಧ ಗೊತ್ತು. ಜೇನುಹುಳುಗಳನ್ನು ಪೆಟ್ಟಿಗೆಗೆ ಸೇರಿಸುವುದು ಗೊತ್ತು, ಜೇನು ತೆಗೆಯುವುದು ಗೊತ್ತಿಲ್ಲ. ವಿಮಾನ ಹೇಗೆ ಮೇಲೇರುತ್ತದೆ ಎಂದು ವಿವರವಾಗಿ ಹೇಳಬಲ್ಲೆ. ಇಳಿಯುವ ಭಾಗ ಅರ್ಧ ಸೇರು ಬೆಲ್ಲದ ಜೊತೆ ಹೊಳಲೂರಿಗೆ ಹೋಯಿತು.

ಅಂಥ ಒಂದು ದಿನ ನನ್ನ ಕೈಗೆ ‘ಎಳೆಯರಿಗೆ ಆಟದಿಂದ ಅಂಕಗಣಿತ’ ಎಂಬ ಲೇಖನದ ಒಂದು ಹಾಳೆ ಸಿಕ್ಕಿತು. ಅದರಲ್ಲಿ ಮೂರು ನಿಯಮಗಳಿದ್ದವು. ಮಗುವಿಗೆ ಬಾಯಿಪಾಠ ಮಾಡಿಸಬಾರದು. ‘ಎಷ್ಟು? ಎಷ್ಟು?’ ಎಂದು ಪ್ರಶ್ನೆ ಕೇಳಿ ಬೆದರಿಸಬಾರದು. ಕೈಗೆ ಸಿಗುವ ವಸ್ತುಗಳನ್ನೇ ಇಟ್ಟುಕೊಂಡು ಆಡಿಸಬೇಕು. ನಾಲ್ಕನೆಯ ನಿಯಮ, ‘ಆದರೆ ಕಲಿಸುವವನು ಎಂದಿಗೂ ಮರೆಯಬಾರದ ಬಹು ಮುಖ್ಯ ಎಚ್ಚರಿಕೆ ಏನೆಂದರೆ’ ಎಂದು ಶುರುವಾಗುತ್ತಿತ್ತು. ಅಲ್ಲಿಗೆ ಹಾಳೆ ಮುಗಿಯಿತು. ಮುಂದಿನ ಹಾಳೆ ಹುಡುಕಿದೆ, ಸಿಗಲಿಲ್ಲ. ಮೂರು ಸಾಕು ಎಂದುಕೊಂಡೆ.

ಈಗ ಹುಡುಗಿಯ ವಿಷಯ. ನಮ್ಮ ಗೌರಕ್ಕನನ್ನು ಕೊಟ್ಟಿರುವುದು ಭದ್ರಾವತಿಗೆ. ಭಾವ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಅವರಿಗೆ ಒಬ್ಬಳೇ ಮಗಳು, ನೀಲಾ. ಒಂದನೇ ಕ್ಲಾಸಿಗೆ ಸೇರಿದ ಮೂರು ತಿಂಗಳಿಗೇ ಅವಳಿಗೆ ಚಳಿಜ್ವರ ಹತ್ತಿಕೊಂಡಿತು. ಬಿಟ್ಟಂತೆ ಮಾಡುವುದು, ಮತ್ತೆ ಬರುವುದು. ಡಾಕ್ಟರು ಕ್ವಿನೈನ್ ಕುಡಿಸಿ, ವರ್ಷ ಪೂರ್ತಿ ಮನೆಯಲ್ಲೇ ಇರಲಿ ಎಂದರು. ಅಕ್ಕ ಮನೆಯಲ್ಲೇ ಓದು ಬರಹ ಕಲಿಸಿದಳು. ಲೆಕ್ಕ ಮಾತ್ರ ಅಕ್ಕನಿಗೇ ಅಷ್ಟಕ್ಕಷ್ಟೆ. ಬೇಸಿಗೆ ರಜೆ ಮುಗಿದು ಸ್ಕೂಲು ತೆರೆಯುವ ದಿನ ಹೆಡ್ ಮೇಷ್ಟ್ರು ತಾವೇ ಪರೀಕ್ಷೆ ಮಾಡುವುದಾಗಿ ಹೇಳಿದ್ದರು. ಇಪ್ಪತ್ತರ ಆಸುಪಾಸಿನ ಕೂಡುವುದು, ಕಳೆಯುವುದು ಬಾಯಲ್ಲಿ ತಟ್ಟನೆ ಬಂದರೆ ಎರಡನೇ ಕ್ಲಾಸು. ಬಾರದಿದ್ದರೆ ಮತ್ತೆ ಒಂದನೇ ಕ್ಲಾಸಿನಲ್ಲಿ ಚಿಕ್ಕ ಮಕ್ಕಳ ಜೊತೆ.

ನೀಲಾಳಿಗೆ ಒಂದನೇ ಕ್ಲಾಸು ಬೇಡವಾಗಿತ್ತು. ಪಕ್ಕದ ಮನೆಯ ತಮಿಳರ ಹುಡುಗಿ ಸೆಲ್ವಿ ಅವಳ ಜೀವದ ಗೆಳತಿ. ವರ್ಷ ಪೂರ್ತಿ ಸೆಲ್ವಿ ಬಗಲಲ್ಲಿ ಸ್ಲೇಟು ಇಟ್ಟುಕೊಂಡು ಸ್ಕೂಲಿಗೆ ಹೋಗುವುದನ್ನು ಇವಳು ಕಂಬಳಿ ಹೊದ್ದುಕೊಂಡು ಕಿಟಕಿಯಿಂದ ನೋಡಿದ್ದಳು. ಸೆಲ್ವಿ ಈಗ ಎರಡನೇ ಕ್ಲಾಸಿಗೆ ಹೋಗುತ್ತಾಳೆ. ತನ್ನ ಪಕ್ಕದಲ್ಲಿ ಜಾಗ ಹಿಡಿದಿಡುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ. ನೀಲಾ ಇದನ್ನೆಲ್ಲ ನನಗೆ ಹೇಳಿದ್ದು ಬಹಳ ಮೆಲ್ಲಗೆ, ನನ್ನ ಅಂಗಿಯ ಗುಂಡಿ ತಿರುಗಿಸುತ್ತಾ. ಗುಂಡಿ ಕಿತ್ತು ಬಂತು.

ನಾನು ಎದೆ ತಟ್ಟಿ ಹೇಳಿದೆ. ಲೆಕ್ಕ ತಾನೇ? ನನಗೆ ಬಿಡಿ!

ಪ್ರತಿ ಭಾನುವಾರ ಬೆಳಗಿನ ಗಾಡಿಗೆ ಭದ್ರಾವತಿಗೆ ಹೋಗಿ ಸಂಜೆಯ ಗಾಡಿಗೆ ವಾಪಸು ಬರುವುದೆಂದು ತೀರ್ಮಾನವಾಯಿತು. ಮೊದಲ ಭಾನುವಾರ ನಾನು ಹೋದಾಗ ಅಕ್ಕನ ಅತ್ತೆ, ಅಂದರೆ ನೀಲಾಳ ಅಜ್ಜಿ, ಅಕ್ಕಿ ಆರಿಸುತ್ತಾ ಮೊಮ್ಮಗಳಿಂದ ಎರಡರ ಮಗ್ಗಿ ಹೇಳಿಸುತ್ತಿದ್ದರು. ನಾನು ಅದನ್ನು ಕೂಡಲೇ ನಿಲ್ಲಿಸಿದೆ. ಬಾಯಿಪಾಠದಿಂದ ಮಗುವಿನ ಬುದ್ಧಿ ಬತ್ತಿಹೋಗುತ್ತದೆ ಎಂದು ವಿವರಿಸಿದೆ. ಅಜ್ಜಿ ಮೊರದಿಂದ ತಲೆಯೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನಾನು ಇಪ್ಪತ್ತರ ಮಗ್ಗಿ ಬಾಯಿಪಾಠ ಮಾಡಿದೀನಿ ಮಾರಾಯ. ನೀನು ಮಾಡಿಲ್ಲ. ಇಬ್ಬರಲ್ಲಿ ಯಾರದು ಬತ್ತಿದೆ ಅಂತ ಆಮೇಲೆ ನೋಡಾಣ.”

ಹಳೆಯ ಕಾಲದವರು. ನಾನು ಕ್ಷಮಿಸಿದೆ.

ಮೊದಲ ಪಾಠಕ್ಕೆ ಅಂಗಡಿಯಿಂದ ಹುರಿಗಡಲೆ ತಂದಿದ್ದೆ. ಹತ್ತು ಕಾಳು ಇಟ್ಟು ಅದರಿಂದ ನಾಲ್ಕು ತೆಗೆದು ಬೇರೆ ಇಟ್ಟೆ. ಮೂರನೇ ನಿಯಮದ ಪ್ರಕಾರ ವಸ್ತು ಕೈಗೆ ಸಿಗುವಂಥದ್ದಾಗಿತ್ತು. ಕೈಗೆ ಸಿಕ್ಕಿದ್ದು ಬಾಯಿಗೂ ಸಿಕ್ಕಿತು. ಜ್ವರ ಬಿಟ್ಟ ಮಗುವಿಗೆ ಹಸಿವು ಎಷ್ಟಿರುತ್ತದೆ ಎಂದು ಹಾಳೆಯಲ್ಲಿ ಬರೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಅಂಕಗಣಿತ ಪೂರ್ತಿ ಖಾಲಿಯಾಯಿತು. ಮಧ್ಯಾಹ್ನ ಹುಡುಗಿಗೆ ಹೊಟ್ಟೆನೋವು. ಅಕ್ಕ ಓಮದ ನೀರು ಕುಡಿಸುತ್ತಾ ನನ್ನ ಕಡೆ ನೋಡಿದಳು.

ಎರಡನೇ ಭಾನುವಾರ ತಿನ್ನಲು ಬಾರದ ಪಾಠ ಮಾಡಬೇಕೆಂದು ನಿಶ್ಚಯಿಸಿದೆ. ಒಲೆಯಿಂದ ಇದ್ದಿಲು ತಂದು, ಹಜಾರದ ಗೋಡೆಯ ಮೇಲೆ ಒಂದರಿಂದ ಇಪ್ಪತ್ತರವರೆಗೆ ಆಳೆತ್ತರದ ಅಂಕೆಗಳನ್ನು ಬರೆದೆ. ಮಗು ಗೋಡೆಯ ಪಕ್ಕದಲ್ಲೇ ನೆಲದ ಮೇಲೆ ಅಂಕೆಯಿಂದ ಅಂಕೆಗೆ ಕುಪ್ಪಳಿಸಬೇಕು, ಐದರಿಂದ ಮೂರು ಸಲ ಹಾರಿದರೆ ಎಂಟಕ್ಕೆ ಬರಬೇಕು. ಬಹಳ ಚೆನ್ನಾಗಿ ಹಾರಿದಳು. ಸೆಲ್ವಿಯೂ ಬಂದು ಹಾರಿದಳು. ಭಾವ ಪಾಳಿ ಮುಗಿಸಿ ಮನೆಗೆ ಬಂದವರು ಬಾಗಿಲಲ್ಲೇ ನಿಂತರು. ಅದು ಕಾರ್ಖಾನೆಯವರು ಕೊಟ್ಟ ಮನೆ, ಸುಣ್ಣ ಹೊಡೆದು ಎಂಟು ದಿನವಾಗಿತ್ತಂತೆ. ಭಾವ ಮಿತಭಾಷಿ. ಒಳಗೆ ಹೋಗಿ ಸುಣ್ಣದ ಬಕೆಟ್ಟು ತಂದು ನನ್ನ ಮುಂದಿಟ್ಟು ಸ್ನಾನಕ್ಕೆ ಹೋದರು. ನಾನು ಇಪ್ಪತ್ತರಿಂದ ಒಂದರವರೆಗೆ ಬಳಿದೆ. ಇದ್ದಿಲಿನ ಮೇಲೆ ಸುಣ್ಣ ಹಿಡಿಯುವುದಿಲ್ಲವೆಂಬ ವಿಜ್ಞಾನದ ಸತ್ಯ ಆ ದಿನ ತಿಳಿಯಿತು. ಇಂದಿಗೂ ಆ ಗೋಡೆಯ ಮೇಲೆ ಹದಿನೇಳು ಮಬ್ಬಾಗಿ ಕಾಣುತ್ತದೆ.

ಮೂರನೇ ಭಾನುವಾರ ನಾನು ಹುಣಸೆಬೀಜ ಹಿಡಿದೆ. ತಿನ್ನಲಾಗದು, ಗೋಡೆಗೂ ಹತ್ತದು. ಚಾಪೆಯ ಮೇಲೆ ಅಂಗಡಿ ಆಟ. ಮೊದಲು ನಾನು ಅಂಗಡಿಯವನು, ಅವಳು ಗಿರಾಕಿ. ‘ಐದು ಬೀಜ ಕೊಡಿ, ಅದರ ಮೇಲೆ ಮೂರು ಕೊಡಿ’ ಎಂದು ಅವಳು ಕೇಳುವುದು, ನಾನು ಎಣಿಸಿ ಅವಳ ಅಂಗೈಗೆ ಹಾಕುವುದು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಅಂಗಡಿಯಲ್ಲಿ ಯಾವುದನ್ನೇ ಅಳೆಯಲಿ, ಎಣಿಸಲಿ, ಲೆಕ್ಕ ಮುಗಿದ ಮೇಲೆ ಗಿರಾಕಿಯ ಚೀಲಕ್ಕೆ ಒಂದಿಷ್ಟು ಕೊಸರು ಬೀಳಲೇಬೇಕು. ಅಕ್ಕಿಯಾದರೆ ಒಂದು ಚಿಟಿಕೆ, ನಿಂಬೆಹಣ್ಣಾದರೆ ಒಂದು ಹಣ್ಣು. ಕೊಸರು ಹಾಕದ ಅಂಗಡಿಗೆ ಜನ ಎರಡನೇ ಸಲ ಬರುವುದಿಲ್ಲ. ಹತ್ತು ವರ್ಷದಿಂದ ಇದನ್ನು ಮಾಡಿ ಮಾಡಿ ನನ್ನ ಕೈಗೆ ಅದು ಉಸಿರಾಟದ ಹಾಗೆ ಆಗಿಬಿಟ್ಟಿದೆ. ಹುಣಸೆಬೀಜ ಎಂಟು ಎಣಿಸುತ್ತಿದ್ದೆ, ಕೈ ತಾನಾಗಿ ಇನ್ನೊಂದು ಬೀಜ ಹಾಕುತ್ತಿತ್ತು. ದೇವರಾಣೆಗೂ ನನಗೆ ಗೊತ್ತೇ ಇರಲಿಲ್ಲ. ನೀಲಾ ಮಾತ್ರ ಎರಡೇ ಸಲಕ್ಕೆ, ಆ ಕೊನೆಯ ಬೀಜ ಏನು ಎಂದು ಕೇಳಿದಳು. ಬೇರೇನೋ ಯೋಚನೆಯಲ್ಲಿದ್ದ ನಾನು, ಅದು ಕೊಸರು, ಕೊಡಲೇಬೇಕು, ಎಂದೆನಂತೆ. ಹೌದಾ ಎಂದಳಂತೆ.

ಆಮೇಲೆ ಪಾತ್ರ ಬದಲಾಯಿತು. ಅವಳು ಅಂಗಡಿಯವಳು, ನಾನು ಗಿರಾಕಿ. ಓದುಗರೇ, ಇದನ್ನು ನೀವು ಕಣ್ಣಾರೆ ನೋಡಬೇಕಿತ್ತು. ‘ಆರು, ಅದರ ಮೇಲೆ ಐದು’ ಎಂದು ನಾನು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಬೀಜಗಳು ನನ್ನ ಅಂಗೈಯಲ್ಲಿ. ಒಂದೊಂದಾಗಿ ಎಣಿಸುವುದೇ ಇಲ್ಲ. ಪುಟ್ಟ ಕೈ ರಾಶಿಯ ಮೇಲೆ ಒಂದು ಸಲ ಆಡುತ್ತದೆ, ಬೇಕಾದಷ್ಟು ಬೀಜ ತಾವಾಗಿ ಎದ್ದು ಬಂದ ಹಾಗೆ ಬರುತ್ತವೆ. ಹತ್ತು ವರ್ಷ ಅಂಗಡಿಯಲ್ಲಿ ಕುಳಿತ ನನಗೆ ಆ ಕೈ ಬಂದಿಲ್ಲ. ಮುಂದಿನ ಭಾನುವಾರಗಳಲ್ಲೂ ಇದೇ ಆಟ. ಒಂದು ದಿನ ತಡೆಯಲಾರದೆ, ಎಂಟೂ ಏಳೂ ಹೇಗೆ ತೆಗೆಯುತ್ತೀಯೇ ಎಂದು ಕೇಳಿದೆ.

“ಏಳು ಜನ ಈ ಕಡೆ ಕೂತಿದಾರೆ ಮಾಮ, ಏಳು ಜನ ಆ ಕಡೆ ಕೂತಿದಾರೆ. ಇನ್ನೊಬ್ಬ ಬಾಗಿಲಲ್ಲಿ ನಿಂತಿದಾನೆ. ಅವನನ್ನೂ ಒಳಗೆ ಕರೀಬೇಕಷ್ಟೆ.”

ಎಂಟೂ ಏಳೂ ನನಗೂ ಗೊತ್ತು, ಆದರೆ ನನ್ನ ಎಂಟೂ ಏಳೂ ಬರೀ ಗೆರೆಗಳು. ಇವಳ ತಲೆಯೊಳಗೆ ಅವು ಪಂಕ್ತಿಗೆ ಬಂದು ಕೂರುತ್ತವೆ, ಬಾಗಿಲಲ್ಲಿ ನಿಲ್ಲುತ್ತವೆ! ಒಂಬತ್ತು ಎಂದರೆ ಅವಳಿಗೆ ಹತ್ತು ಮಣೆಗಳಲ್ಲಿ ಒಂದು ಮಣೆ ಖಾಲಿ. ಒಂಬತ್ತರ ಜೊತೆಗೆ ಯಾವ ಸಂಖ್ಯೆ ಬಂದರೂ ಅದರಿಂದ ಒಬ್ಬ ಎದ್ದು ಬಂದು ಆ ಮಣೆಯ ಮೇಲೆ ಕೂರುತ್ತಾನೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಅಲ್ಲವೇ ಅಲ್ಲ. ಜ್ವರದಲ್ಲಿ ಮಲಗಿ ಸೂರಿನ ಹೆಂಚು ನೋಡುತ್ತಿದ್ದಾಗ ತಾನೇ ಆಡಿಕೊಂಡ ಆಟವಂತೆ. ನಾನು ಗಾಡಿಯಲ್ಲಿ ಶಿವಮೊಗ್ಗಕ್ಕೆ ಬರುವಾಗ ಆ ಖಾಲಿ ಮಣೆಯನ್ನೇ ನೆನೆಯುತ್ತಾ ಬಂದೆ. ಆದರೂ ಇಳಿಯುವ ಹೊತ್ತಿಗೆ ಅದರ ಅರ್ಧ ಕೀರ್ತಿ ನನ್ನ ಹಾಳೆಗೆ ಸೇರಬೇಕೆಂದು ನ್ಯಾಯ ತೀರ್ಮಾನ ಮಾಡಿಕೊಂಡಿದ್ದೆ.

ಇಷ್ಟು ಬೆರಗಾಗಿದ್ದವನು ಅಂಗೈಯಲ್ಲಿ ಬಿದ್ದ ಬೀಜಗಳನ್ನು ಎಣಿಸುತ್ತಾನೆಯೆ? ಒಂದು ಸಲವೂ ಎಣಿಸಲಿಲ್ಲ. ಎರಡನೇ ನಿಯಮದ ಪ್ರಕಾರ ‘ಒಟ್ಟು ಎಷ್ಟಾಯಿತು’ ಎಂದು ಕೇಳಲೂ ಇಲ್ಲ. ಒಮ್ಮೆ ಅಜ್ಜಿ ನಡುಮನೆಯಿಂದ ನೋಡುತ್ತಿದ್ದವರು, ಹುಡುಗಿ ಒಂದು ಬೀಜ ಹೆಚ್ಚಿಗೆ ಹಾಕುತ್ತಿದ್ದಾಳೆ ಕಣೋ ಎಂದರು. ನಾನು ನಕ್ಕು, ಅಜ್ಜಿ, ನಿಮಗೆ ಕಣ್ಣು ಮಂಜಾಗಿದೆ, ಕನ್ನಡಕ ಮಾಡಿಸಿಕೊಳ್ಳಿ ಎಂದೆ. ಅಜ್ಜಿ ಸೂಜಿಗೆ ದಾರ ಪೋಣಿಸಿದರು. ಒಂದೇ ಸಲಕ್ಕೆ.

ಹೀಗೆ ಸ್ಕೂಲು ತೆರೆಯುವ ದಿನ ಬಂತು. ದೊಡ್ಡಪ್ಪನ ಕಾಲು ಹಿಡಿದು ಅಂಗಡಿಗೆ ರಜೆ ಹಾಕಿದೆ. ಕೋಟು, ಪೇಟ ಧರಿಸಿದೆ. ಅಕ್ಕ ಮಗಳಿಗೆ ಎರಡು ಜಡೆ ಹೆಣೆದು ಕಳಿಸಿದಳು. ಬಾಗಿಲಲ್ಲಿ ನನ್ನನ್ನು ತಡೆದು, “ಸಿದ್ದು, ಅವಳು ಸೆಲ್ವಿ ಜೊತೆ ಕೂರದಿದ್ರೆ ಮತ್ತೆ ಜ್ವರ ಬರಿಸ್ಕೋತಾಳೆ ಕಣೋ,” ಎಂದಳು. ಅಕ್ಕ ನಗುತ್ತಾ ಹೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ. ನೀನು ಪಾಯಸಕ್ಕೆ ಇಡು ಎಂದು ಹೇಳಿ ನಾನು ಹೊರಟೆ.

ಹೆಡ್ ಮೇಷ್ಟ್ರು ಎತ್ತರದ, ಸಣಕಲು ದೇಹದ, ದಪ್ಪ ಕನ್ನಡಕದ ಮನುಷ್ಯ. ನನಗೆ ಕುರ್ಚಿ ಕೊಟ್ಟರು. ನಾನು ನನ್ನ ಪದ್ಧತಿಯ ಬಗ್ಗೆ ಪೀಠಿಕೆ ಹಾಕಲು ಶುರು ಮಾಡಿದೆ. ಅವರು ಕೈಯೆತ್ತಿ ಸುಮ್ಮನಿರಿಸಿ ಹುಡುಗಿಯ ಕಡೆ ತಿರುಗಿದರು. ಮೊದಲ ಪ್ರಶ್ನೆ, ಎಂಟೂ ಏಳೂ.

“ಹದಿನಾರು,” ಎಂದಳು ನೀಲಾ. ತಡವೇ ಇಲ್ಲ.

ನನ್ನ ಪೇಟದೊಳಗೆ ಬೆವರು ಹರಿಯಿತು. ಹೆಡ್ ಮೇಷ್ಟ್ರು ಆರೂ ಆರೂ ಕೇಳಿದರು. ಹದಿಮೂರು. ಒಂಬತ್ತೂ ನಾಲ್ಕೂ ಕೇಳಿದರು. ಹದಿನಾಲ್ಕು. ಅಳುಕಿಲ್ಲ, ಅನುಮಾನವಿಲ್ಲ, ಪ್ರತಿಯೊಂದೂ ತಪ್ಪು! ನಾನು ಅವರ ಬೆನ್ನ ಹಿಂದೆ ಸರಿದು, ಐದೂ ಏಳೂ ಎಂದು ಕೇಳಿದಾಗ ಹನ್ನೆರಡು ತೋರಿಸಲು ಎರಡೂ ಕೈ ಎತ್ತಿದೆ. ಹತ್ತು ಬೆರಳು ಮುಗಿದವು. ಇನ್ನೆರಡಕ್ಕೆ ಏನು ಮಾಡಲಿ ಎಂದು ಯೋಚಿಸಿ ಒಂದು ಕಾಲಿನ ಚಪ್ಪಲಿ ಬಿಟ್ಟು ಪಾದ ಮೇಲೆತ್ತಿದೆ. ಹೆಡ್ ಮೇಷ್ಟ್ರು ತಿರುಗಿ ನೋಡಿದ್ದು ಆ ಕ್ಷಣದಲ್ಲಿ. ಎರಡು ಕೈ ಮೇಲೆತ್ತಿ ಒಂಟಿ ಕಾಲಲ್ಲಿ ನಿಂತಿದ್ದ ನನ್ನನ್ನು ಅವರು ಬಹಳ ಹೊತ್ತು ನೋಡಿದರು. ಕೂತ್ಕೊಳ್ಳಿ ಎಂದರು.

ಕೂತೆ. ಅವರು ಪುಸ್ತಕ ತೆಗೆದು ಒಂದನೇ ಕ್ಲಾಸು ಎಂದು ಬರೆಯಲು ಲೇಖನಿ ಅದ್ದಿದರು. ನೀಲಾ ಅಳಲಿಲ್ಲ. ಕಿಟಕಿಯಾಚೆ ಎರಡನೇ ಕ್ಲಾಸಿನ ಬಾಗಿಲು ಕಾಣುತ್ತಿತ್ತು, ಅದನ್ನೇ ನೋಡಿದಳು. ಆಮೇಲೆ ಲೇಖನಿಯನ್ನು ನೋಡಿದಳು. ಕೆಳತುಟಿ ಒಂದು ಸಲ ಅದುರಿತು.

“ಮೇಷ್ಟ್ರೇ, ನಿಮಗೆ ಕೊಸರು ಬೇಡ್ವಾ?”

ಲೇಖನಿ ನಿಂತಿತು. ಯಾವ ಕೊಸರು ಎಂದು ಕೇಳಿದರು.

“ಎಂಟೂ ಏಳೂ ಹದಿನೈದು. ನಿಮಗೇ ಅಂತ ಮೇಲೊಂದು ಹಾಕಿದೆ.”

ಹೆಡ್ ಮೇಷ್ಟ್ರು ಲೇಖನಿ ಕೆಳಗಿಟ್ಟರು. ನಾನು ನನ್ನ ಬಲಗೈಯನ್ನು ನೋಡಿಕೊಂಡೆ. ಹತ್ತು ವರ್ಷದ ಅಂಗಡಿ ಒಂದೇ ಸಲ ಕಣ್ಣ ಮುಂದೆ ಬಂತು. ನನ್ನದೇ ಕೈ, ನನ್ನದೇ ಬಾಯಿ, ‘ಕೊಡಲೇಬೇಕು’ ಎಂದದ್ದು. ಕುರ್ಚಿಯ ಕೆಳಗೆ ಜಾಗವಿದ್ದರೆ ಹೋಗಿ ಕೂರುತ್ತಿದ್ದೆ.

ಮೇಷ್ಟ್ರಿಗೆ ಈಗ ಕುತೂಹಲ ಹುಟ್ಟಿತು. ಹನ್ನೆರಡರಲ್ಲಿ ಐದು ಹೋದರೆ ಎಷ್ಟು ಎಂದರು. ಈ ಕಳೆಯುವ ಲೆಕ್ಕವನ್ನು ನಾನು ಆಡಿಸಿಯೇ ಇರಲಿಲ್ಲ. ಹುರಿಗಡಲೆಯ ದಿನ ಶುರು ಮಾಡಿದ್ದು ಹೊಟ್ಟೆನೋವಿನಲ್ಲಿ ಮುಗಿದಿತ್ತಲ್ಲ. ನೀಲಾ ಆರು ಎಂದಳು. ಏಳಲ್ಲವೇ ಎಂದರು ಮೇಷ್ಟ್ರು. ಅವಳು ಮರುಕದಿಂದ ಅವರನ್ನು ನೋಡಿದಳು.

“ಐದು ಕೊಟ್ರೆ ಕೊಸರು ಒಂದು ಹೋಗುತ್ತಲ್ಲ ಮೇಷ್ಟ್ರೇ. ನನ್ನ ಹತ್ರ ಆರೇ ಉಳಿಯೋದು.”

ಮೇಷ್ಟ್ರು ಕನ್ನಡಕ ತೆಗೆದರು. ತೆಗೆದುಕೊಳ್ಳುವವನಿಗೆ ಒಂದು ಹೆಚ್ಚು ಸಿಕ್ಕರೆ ಕೊಡುವವನಿಗೆ ಒಂದು ಕಡಿಮೆ ಉಳಿಯಬೇಕು. ಯಾರೂ ಕಲಿಸದೆ ಇದನ್ನು ಅವಳು ಅಲ್ಲೇ, ನಿಂತ ನಿಲುವಿನಲ್ಲಿ ಕಂಡುಕೊಂಡಿದ್ದಳು. ತಪ್ಪು ಉತ್ತರಗಳ ಒಳಗೆ ಒಂದು ಇಡೀ ಅಂಗಡಿ, ಒಂದು ತೂಕ, ಒಂದು ನ್ಯಾಯ ಇತ್ತು. ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಎರಡನೇ ಕ್ಲಾಸಿನ ಪಾಠಕ್ಕೇ ಕೈ ಹಾಕಿದರು. ನಾಲ್ಕು ಮೂರಲಿ ಎಷ್ಟು?

ನೀಲಾ ಮೊದಲ ಸಲ ಯೋಚಿಸಿದಳು. ಜಡೆಯ ತುದಿ ಬಾಯಿಗೆ ಹೋಯಿತು.

“ಒಟ್ಟಿಗೆ ತಗೊಂಡು ಹೋಗ್ತೀರಾ, ಮೂರು ಸಲ ಬರ್ತೀರಾ?”

“ಅದರಿಂದ ಏನಮ್ಮ ವ್ಯತ್ಯಾಸ?”

“ಒಟ್ಟಿಗೆ ಆದ್ರೆ ಹದಿಮೂರು. ಮೂರು ಸಲ ಬಂದ್ರೆ ಹದಿನೈದು.” ಸ್ವಲ್ಪ ತಡೆದು, ಮೆಲ್ಲಗೆ ಸೇರಿಸಿದಳು, “ಮೂರು ಸಲ ಬನ್ನಿ ಮೇಷ್ಟ್ರೇ.”

ಹೊರಗೆ ಕಾರ್ಖಾನೆಯ ಪಾಳಿ ಬದಲಾಗುವ ಕೂಗು ಕೇಳಿಸಿತು. ಮೇಷ್ಟ್ರು ಕನ್ನಡಕವನ್ನು ಪಂಚೆಯ ಅಂಚಿನಲ್ಲಿ ಒರೆಸುತ್ತಲೇ ಇದ್ದರು, ಗಾಜು ಸವೆಯುವಷ್ಟು. ಮೂವತ್ತು ವರ್ಷದಿಂದ ಮಕ್ಕಳಿಗೆ ಲೆಕ್ಕ ಕೇಳುತ್ತಿದ್ದೇನೆ, ಮಗು ತಿರುಗಿ ನನ್ನನ್ನೇ ಕೇಳಿದ್ದು ಇದೇ ಮೊದಲು ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ, ಇನ್ನು ಮೇಲೆ ಕೊಸರಿಲ್ಲದೆ ಹೇಳಮ್ಮ ಎಂದರು. ಬರೀ ಲೆಕ್ಕನಾ ಎಂದು ನೀಲಾ ಕೇಳಿದಳು, ಊಟಕ್ಕೆ ಕರೆದು ಬರೀ ಅನ್ನ ಬಡಿಸಿದವರನ್ನು ಕೇಳುವ ಹಾಗೆ. ಹೌದೆಂದರು. ಅವರು ಇಪ್ಪತ್ತು ಪ್ರಶ್ನೆ ಕೇಳಿದರು. ಇಪ್ಪತ್ತಕ್ಕೂ ಸರಿಯಾದ ಉತ್ತರ ಪ್ರಶ್ನೆಯ ಬಾಲ ಹಿಡಿದುಕೊಂಡೇ ಬಂತು. ಹದಿನೆಂಟರಲ್ಲಿ ಒಂಬತ್ತು ಕಳೆಯುವುದನ್ನು ನಾನು ಇನ್ನೂ ಮನಸ್ಸಿನಲ್ಲಿ ಮಾಡುತ್ತಿದ್ದೆ, ಅವರಿಬ್ಬರೂ ಮುಂದಿನ ನಾಲ್ಕು ಲೆಕ್ಕ ದಾಟಿದ್ದರು.

ಕೊನೆಗೆ ಮೇಷ್ಟ್ರು ನನ್ನ ಕಡೆ ತಿರುಗಿ, ಏನು ಓದಿದ್ದೀರಿ ಎಂದು ಕೇಳಿದರು. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಪೊಟ್ಟಣದ ಕಾಗದ ಎಂದೆ. ಅವರು ತಲೆಯಾಡಿಸಿ ಪುಸ್ತಕದಲ್ಲಿ ಬರೆದರು.

“ಹುಡುಗಿ ನಾಳೆಯಿಂದ ಎರಡನೇ ಕ್ಲಾಸಿಗೆ ಬರ್ಲಿ. ನೀವು ಬರ್ಬೇಡಿ.”

ದಾರಿಯುದ್ದಕ್ಕೂ ನೀಲಾ ಕುಣಿಯುತ್ತಾ ಮುಂದೆ, ಪೇಟವನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಹಿಂದೆ. ಮೊದಲ ದಿನವೆಂದು ಸ್ಕೂಲು ಬೇಗ ಬಿಟ್ಟಿತ್ತು, ಸೆಲ್ವಿ ಮನೆಯ ಮುಂದೆ ಕಾಯುತ್ತಿದ್ದಳು. ಇಬ್ಬರೂ ಕೈ ಹಿಡಿದು ಗಿರಗಿರ ತಿರುಗಿದ್ದನ್ನು ನೋಡಿ ನನ್ನ ಅವಮಾನ ಅರ್ಧಕ್ಕೆ ಇಳಿಯಿತು. ಒಳಗೆ ಪಾಯಸ ಕುದಿಯುತ್ತಿತ್ತು. ಅಕ್ಕ ಮಗಳನ್ನು ಅಪ್ಪಿಕೊಂಡು ಕಣ್ಣೊರೆಸಿಕೊಂಡಳು. ನನ್ನ ತಟ್ಟೆಗೆ ದೊಡ್ಡ ಸೌಟಿನಲ್ಲಿ ಪಾಯಸ ಬಡಿಸುತ್ತಾ, ಎಲ್ಲ ನಿನ್ನಿಂದಲೇ ಆದದ್ದು ಎಂದಳು. ಅಜ್ಜಿ ಕೆಮ್ಮಿದರು. ನಾನು ಸತ್ಯ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಪಾಯಸ ಚೆನ್ನಾಗಿತ್ತು, ಮುಚ್ಚಿದೆ.

ಮಗಳ ಕಡೆ ತಿರುಗಿ ಅಕ್ಕ, ಮಾಮ ಚೆನ್ನಾಗಿ ಕಲಿಸಿದನಾ ಎಂದು ಕೇಳಿದಳು. ನೀಲಾ ಗೋಡಂಬಿ ಹುಡುಕುತ್ತಾ ತಟ್ಟೆಯಿಂದ ತಲೆಯೆತ್ತಲಿಲ್ಲ.

“ಮಾಮ ಕಲಿಸಿದ್ದಲ್ಲಮ್ಮ, ನಾನು ಕಲಿಸ್ತಿದ್ದೆ. ಎಷ್ಟು ಬೀಜ ಕೊಟ್ರೂ ಎಣಿಸೋಕೇ ಬರ್ತಿರ್ಲಿಲ್ಲ ಪಾಪ, ಸುಮ್ನೆ ನನ್ನ ಮುಖ ನೋಡ್ತಾ ಕೂರ್ತಿದ್ದ. ಬೇಜಾರು ಮಾಡ್ಕೋತಾನೆ ಅಂತ ನಾನೂ ಎಷ್ಟಾಯ್ತು ಅಂತ ಕೇಳ್ಲಿಲ್ಲ.” ನನ್ನ ಕಡೆ ನೋಡಿ ಧೈರ್ಯ ತುಂಬುವ ಹಾಗೆ ನಕ್ಕಳು. “ಕಲೀತಿದಾನೆ ಅಮ್ಮ. ಸ್ವಲ್ಪ ನಿಧಾನ.”

ಭಾವ ಮಿತಭಾಷಿ ಎಂದೆನಲ್ಲ, ಪಾಳಿ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಕೂತಿದ್ದ ಅವರು ಆ ದಿನ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಈಗ ನಿಮ್ಮ ಸರದಿ. ಮನೆಯ ಪುಟ್ಟ ಮಕ್ಕಳಿಗೆ ಕೂಡುವುದು ಕಳೆಯುವುದು ಹೇಳಿಕೊಡಲು ಕೂತು ನಿಮ್ಮಲ್ಲಿ ಎಷ್ಟು ಜನ ಸರಿಯಾಗಿ ಎದ್ದು ಬಂದಿದ್ದೀರಿ? ಅವರು ನಿಮಗೆ ಏನು ಕಲಿಸಿದರು? ನಾಚಿಕೆ ಪಡದೆ ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಗೆ ಹಾಕಿ. ನಾನು ಪ್ರತಿಯೊಂದನ್ನೂ ಓದುತ್ತೇನೆ. ದಡ್ಡ ಶಿಷ್ಯನಿಗೆ ಜೊತೆಗಾರರು ಇದ್ದಾರೆ ಎಂದು ಗೊತ್ತಾದರೆ ಅಷ್ಟೇ ಸಮಾಧಾನ.